ಉಚಿತ ಪಾವತಿಯ ಲೆಕ್ಕ ಯಾರ ತಲೆಗೆ?

ತೊಕ್ಕೊಟ್ಟು ಒಳಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡವನು ನಾನು. ಯುಪಿಐ ಬೇಡ ಎನ್ನುವವರ ಸಾಲಿನವನಲ್ಲ. ಹಿಂದೆ ಎರಡು ರೂಪಾಯಿ ಚಿಲ್ಲರೆ ಇಲ್ಲದಿದ್ದರೆ ಗಿರಾಕಿಯ ಕೈಗೊಂದು ಚಾಕಲೇಟ್ ಹಾಕಿ, ಅವರ ಮುಖ ನೋಡದೆ ಮುಂದಿನವರ ಚೀಟಿ ತೆಗೆದುಕೊಳ್ಳುತ್ತಿದ್ದೆವು. ಈಗ ನಲವತ್ತೇಳು ರೂಪಾಯಿ ಎಂದರೆ ನಲವತ್ತೇಳೇ ಬರುತ್ತದೆ. ಹರಿದ ನೋಟಿನ ಜಗಳವಿಲ್ಲ, ರಾತ್ರಿ ಬಾಗಿಲು ಹಾಕಿ ಹೊರಡುವಾಗ ಚೀಲದಲ್ಲಿ ದುಡ್ಡೂ ಕಡಿಮೆ, ಹೆದರಿಕೆಯೂ ಕಡಿಮೆ. ದೇರಳಕಟ್ಟೆ, ಕೊಣಾಜೆಯ ಕಾಲೇಜು ಮಕ್ಕಳಂತೂ ಪರ್ಸ್ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದಾರೆ.

2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು, ಅದೇ ವರ್ಷದ ನವೆಂಬರ್‌ನಲ್ಲಿ ನೋಟು ರದ್ದಾಯಿತು. 2020ರ ಜನವರಿಯಿಂದ ವ್ಯಾಪಾರಿಗಳ ಮೇಲಿನ ಶುಲ್ಕವನ್ನೂ ಸರ್ಕಾರ ತೆಗೆಯಿತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದ ಯುಪಿಐ ವ್ಯವಹಾರಗಳ ಸಂಖ್ಯೆ 2,000 ಕೋಟಿ ದಾಟಿತು. ಕೊಳ್ಳುವವನಿಗೆ ಉಚಿತ, ಮಾರುವವನಿಗೂ ಉಚಿತ. ಆದರೆ ಏನಾದರೂ ಎಡವಟ್ಟಾದಾಗ ದಾಖಲೆ ಹಿಡಿದು ಓಡಾಡಬೇಕಾದವನು ಮಾತ್ರ ಅಂಗಡಿಯವನು. ನನ್ನ ತಕರಾರು ಇದೊಂದೇ.

ಗಿರಾಕಿಯ ಫೋನಿನಲ್ಲಿ ಹಸಿರು ಟಿಕ್ ಬರುತ್ತದೆ, ನನ್ನ ಸೌಂಡ್‌ಬಾಕ್ಸ್ ಬಾಯಿ ಬಿಡುವುದಿಲ್ಲ. ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ, 'ಹಣ ಕಟ್ ಆಗಿದೆ ಮಾರಾಯ್ರೇ, ನೋಡಿ' ಎಂದು ಅವರು ಫೋನು ತೋರಿಸುತ್ತಾರೆ. ಪರಿಚಿತರು, ಅನುಮಾನ ಪಡುವುದು ಹೇಗೆ? ಸಾಮಾನು ಕೊಟ್ಟು ಕಳಿಸುತ್ತೇವೆ. ವ್ಯಾಪಾರಿಗೆ ಹಣ ತಲುಪದಿದ್ದರೆ ಐದು ದಿನದೊಳಗೆ ಗಿರಾಕಿಯ ಖಾತೆಗೆ ಮರಳಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಒಳ್ಳೆಯದೇ. ಹಣ ಗಿರಾಕಿಗೆ ವಾಪಸ್ ಹೋಗುತ್ತದೆ, ಅಕ್ಕಿ ನನಗೆ ವಾಪಸ್ ಬರುವುದಿಲ್ಲ. 2025ರ ಏಪ್ರಿಲ್ 12ರ ಶನಿವಾರ ದೇಶದಾದ್ಯಂತ ಯುಪಿಐ ಕೈಕೊಟ್ಟಿತು. ಬಿಸು ಹಬ್ಬದ ಸಾಮಾನಿನ ಹೊತ್ತು. ಅಂದು ಸಾಲದ ಪುಸ್ತಕ ಮತ್ತೆ ಹೊರಗೆ ಬಂತು.

ಇನ್ನು ತೆರಿಗೆಯ ವಿಷಯ. ನಮ್ಮ ಅಂಗಡಿಗಳು ಈಗ ಸಣ್ಣ ಎಟಿಎಂಗಳೂ ಹೌದು. ಆಸ್ಪತ್ರೆಗೆ ಹೊರಟವರು, ರಿಕ್ಷಾ ಬಾಡಿಗೆಗೆ ನೋಟು ಬೇಕಾದವರು ಬಂದು 'ಗೂಗಲ್ ಪೇ ಮಾಡ್ತೇನೆ, ಐನೂರು ಕ್ಯಾಶ್ ಕೊಡ್ತೀರಾ?' ಎನ್ನುತ್ತಾರೆ. ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಆ ಐನೂರು ನನ್ನ ಖಾತೆಗೆ ಜಮೆಯಾಗುತ್ತದೆ. ಅದು ವ್ಯಾಪಾರವಲ್ಲ, ಲಾಭವೂ ಅಲ್ಲ, ಬ್ಯಾಂಕಿನ ಪಟ್ಟಿಯಲ್ಲಿ ಮಾತ್ರ ವ್ಯಾಪಾರದಂತೆಯೇ ಕಾಣುತ್ತದೆ. ಚೀಟಿ ಹಣ, ತಮ್ಮ ವಾಪಸ್ ಕೊಟ್ಟ ಕೈಸಾಲ, ಎಲ್ಲವೂ ಅದೇ ಸಾಲಿನಲ್ಲಿ.

2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ನೋಡಿ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿರಬಹುದು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ವಹಿವಾಟಿಗೆ 29 ಲಕ್ಷ ಕಟ್ಟಿ ಎಂದಿತ್ತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬೆಂಗಳೂರಿನ ಅಂಗಡಿಗಳಲ್ಲಿ 'ನೋ ಯುಪಿಐ' ಬೋರ್ಡ್ ಬಿದ್ದಿತು. ಮುಖ್ಯಮಂತ್ರಿ ಜುಲೈ 23ರಂದು ಸಭೆ ಕರೆದು, ಹಳೆ ಬಾಕಿ ಕೇಳುವುದಿಲ್ಲ, ನೋಂದಣಿ ಮಾತ್ರ ಮಾಡಿಸಿ ಎಂದ ಮೇಲೆ ಬಿಸಿ ಆರಿತು.

ತೆರಿಗೆ ಕಟ್ಟುವುದಿಲ್ಲ ಎಂದು ನಾನು ವಾದಿಸುತ್ತಿಲ್ಲ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ದಿನಕ್ಕೆ ಹನ್ನೊಂದು ಸಾವಿರದ ಆಸುಪಾಸು. ನೂರಕ್ಕೆ ಐದಾರು ರೂಪಾಯಿ ಉಳಿಯುವ ದಿನಸಿ ವ್ಯಾಪಾರದಲ್ಲಿ ಅದು ಶ್ರೀಮಂತಿಕೆಯಲ್ಲ. 1.5 ಕೋಟಿವರೆಗಿನವರು ನೂರಕ್ಕೆ ಒಂದರಂತೆ ಕಟ್ಟುವ ಕಾಂಪೋಸಿಷನ್ ಸ್ಕೀಮ್ ಉಂಟು ಎಂಬುದು ನಮ್ಮಲ್ಲಿ ಎಷ್ಟೋ ಮಂದಿಗೆ ಗೊತ್ತಾದದ್ದು ಗಲಾಟೆಯಾದ ಮೇಲೆ. ಮೊದಲು ತಿಳಿಸಬೇಕು, ಆಮೇಲೆ ಕೇಳಬೇಕು.

ನನ್ನಲ್ಲಿಗೆ ಸಾಮಾನಿಗೆ ಬರುವ ಮೀನಿನ ಅಕ್ಕನದ್ದು ಬೇರೆಯೇ ಕಥೆ. ಬುಟ್ಟಿಯ ಪಕ್ಕ ಕ್ಯೂಆರ್ ಕಾರ್ಡ್ ಇದೆ, ಖಾತೆ ಮಗನದ್ದು. 'ಬಂಗುಡೆ ಮಾರುವುದು ನಾನು ಅಣ್ಣ, ದುಡ್ಡು ಬೀಳುವುದು ಅವನಿಗೆ. ಬೆಳಿಗ್ಗೆ ದಕ್ಕೆಗೆ ಹೋಗಲಿಕ್ಕೆ ಅವನಲ್ಲೇ ಕೇಳಬೇಕು' ಎಂದರು. ಸೊಂಟದ ಚೀಲದಲ್ಲಿ ನೋಟಿದ್ದಾಗ ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಡಿಜಿಟಲ್ ಕ್ರಾಂತಿಯ ಭಾಷಣಗಳಲ್ಲಿ ಈ ನಷ್ಟ ಬರುವುದೇ ಇಲ್ಲ.

ನಮ್ಮದು ಬ್ಯಾಂಕುಗಳು ಹುಟ್ಟಿದ ಕರಾವಳಿ. 1928ರಲ್ಲೇ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಶುರು ಮಾಡಿ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸಿತು. ಲೆಕ್ಕ ತಪ್ಪಿದರೆ ಕೇಳಲು ಎದುರಿಗೊಬ್ಬ ಮನುಷ್ಯನಿದ್ದ. ಯುಪಿಐ ದೂರಿಗೂ ಪ್ರತಿ ಶಾಖೆಯಲ್ಲಿ ಅಂಥ ಒಬ್ಬರು ಇರಲಿ. ಬರೀ ಜಮೆ ನೋಡಿ ಇಲಾಖೆ ನೋಟಿಸ್ ಬರೆಯದಿರಲಿ. ಮೀನಿನ ಅಕ್ಕನಂಥವರಿಗೆ ಅವರದೇ ಹೆಸರಿನ ಖಾತೆ, ಕ್ಯೂಆರ್ ಮಾಡಿಕೊಡಲಿ. ಅಂಗಡಿಯವರೇ, ವ್ಯಾಪಾರಕ್ಕೆ ಬೇರೆ ಖಾತೆ ಇಡಿ, ಖರೀದಿ ಬಿಲ್ಲು ಎಸೆಯಬೇಡಿ. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ ಎಂಬುದು ನೆನಪಿರಲಿ. ಮೋಸವಾದರೆ ತಕ್ಷಣ 1930ಕ್ಕೆ ಕರೆ ಮಾಡಿ. ಗಿರಾಕಿಗಳೇ, ಪೆಟ್ಟಿಗೆ ಮಾತಾಡುವವರೆಗೆ ಅರೆನಿಮಿಷ ನಿಲ್ಲಿ. ಜೇಬಿನಲ್ಲಿ ನೂರು ರೂಪಾಯಿಯ ಒಂದೆರಡು ನೋಟೂ ಇರಲಿ.