ಔಷಧಕ್ಕೂ ಹೊತ್ತುಗೊತ್ತು ಬೇಡವೆ?

ಶಸ್ತ್ರಚಿಕಿತ್ಸೆಯಾಯಿತೆಂದರೆ ಐದಾರು ದಿನ ಆಂಟಿಬಯಾಟಿಕ್ ನುಂಗಲೇಬೇಕೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಚೀಟಿಯಲ್ಲಿ ಅದು ಕಾಣದಿದ್ದರೆ ರೋಗಿಯ ಕಡೆಯವರಿಗೆ ಸಮಾಧಾನವಿಲ್ಲ. ಬರೆಯದೆ ಬಿಟ್ಟು ನಾಳೆ ಗಾಯ ಕೀವುಗಟ್ಟಿದರೆ ಅಪವಾದ ತಮ್ಮ ತಲೆಗೆ ಬಂದೀತೆಂಬ ಅಳುಕು ವೈದ್ಯರಿಗೆ. ಇಬ್ಬರ ಅಂಜಿಕೆಯೂ ಕೂಡಿ ಬರೆಸಿದ ಔಷಧವಿದು. ಇದಕ್ಕೆ ವಿಜ್ಞಾನದ ಆಧಾರವಿದೆಯೆ ಎಂಬುದೇ ನನ್ನ ಪ್ರಶ್ನೆ.

ಗಾಯಕ್ಕೆ ನಂಜು ತಗಲುವುದು ಬಹುಮಟ್ಟಿಗೆ ಚರ್ಮವನ್ನು ಸೀಳಿ ಮತ್ತೆ ಹೊಲಿಯುವ ನಡುವಣ ಅವಧಿಯಲ್ಲಿ. ರೋಗಾಣು ಒಳಹೊಗುವ ವೇಳೆಗೆ ಔಷಧ ಅಲ್ಲಿ ಸೇರಿ ಕಾದಿರಬೇಕು. 1961ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜಾನ್ ಬರ್ಕ್ ಗಿನಿಯಿಲಿಗಳ ಮೇಲೆ ಪ್ರಯೋಗ ನಡೆಸಿ, ರೋಗಾಣು ಸೇರಿ ಮೂರು ಗಂಟೆ ಕಳೆದ ಮೇಲೆ ಕೊಟ್ಟ ಔಷಧ ಈ ಕೆಲಸಕ್ಕೆ ವ್ಯರ್ಥವೆಂದು ತೋರಿಸಿದರು. 1992ರಲ್ಲಿ ಸಾಲ್ಟ್ ಲೇಕ್ ಸಿಟಿಯಿಂದ 2,847 ರೋಗಿಗಳ ವರದಿಯೊಂದು ಪ್ರಕಟವಾಯಿತು. ಶಸ್ತ್ರವಿಡುವ ಮುಂಚಿನ ಎರಡು ಗಂಟೆಯೊಳಗೆ ಔಷಧ ಪಡೆದವರಲ್ಲಿ ಗಾಯ ನಂಜಾದದ್ದು ನೂರಕ್ಕೆ 0.6, ಶಸ್ತ್ರವಿಟ್ಟು ಮೂರು ಗಂಟೆಯ ತರುವಾಯ ಪಡೆದವರಲ್ಲಿ 3.3. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಭಾಷ್ಯ ಬೇಕೆ? ವಿಶ್ವ ಆರೋಗ್ಯ ಸಂಸ್ಥೆಯೂ 2016ರಲ್ಲಿ, ನಂಜು ತಡೆಯಲೆಂದು ಕೊಡುವ ಔಷಧವನ್ನು ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಮುಂದುವರಿಸಬಾರದೆಂದು ಸ್ಪಷ್ಟವಾಗಿ ಹೇಳಿದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಒಡೆದ ಅಪೆಂಡಿಕ್ಸಿನಂತೆ ಮೊದಲೇ ನಂಜೇರಿದ್ದಲ್ಲಿ ಔಷಧ ಚಿಕಿತ್ಸೆಯಾಗುತ್ತದೆ. ಅಲ್ಲಿ ದಿನಗಳನ್ನು ನಿರ್ಣಯಿಸಬೇಕಾದವರು ವೈದ್ಯರೇ. ರೋಗಿ ತಾನಾಗಿ ಗುಳಿಗೆ ನಿಲ್ಲಿಸತಕ್ಕದ್ದಲ್ಲ.

“ನಮ್ಮ ಆಸ್ಪತ್ರೆಗಳ ನೈರ್ಮಲ್ಯ ಅಷ್ಟಕ್ಕಷ್ಟೆ, ಔಷಧವೇ ದಿಕ್ಕು” ಎಂದು ವಾದಿಸುವವರುಂಟು. ತೊಳೆಯದ ಕೈಯ ಪಾಪವನ್ನು ಗುಳಿಗೆ ತೊಳೆಯಲಾರದು. ಅನಗತ್ಯವಾಗಿ ನುಂಗಿದ ಪ್ರತಿಯೊಂದು ಗುಳಿಗೆಯೂ ಔಷಧಕ್ಕೆ ಜಗ್ಗದ ರೋಗಾಣುಗಳಿಗೆ ಬೆಳೆಯಲು ಎಡೆಮಾಡಿಕೊಡುತ್ತದೆ. ಅದರ ಫಲವನ್ನು ಉಣ್ಣುವವನು ನುಂಗಿದವನೊಬ್ಬನೇ ಅಲ್ಲ, ಮುಂದೆ ಅದೇ ಮಂಚದ ಮೇಲೆ ಮಲಗುವ ಅಪರಿಚಿತನೂ ಹೌದು.

ಪರಿಹಾರ ದುಬಾರಿಯದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರಡಿಸಿದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ, ಶಸ್ತ್ರವಿಡುವ ಮುನ್ನ ಎಲ್ಲರಿಗೂ ಕೇಳುವಂತೆ ಓದಬೇಕಾದ ಒಂದು ಪ್ರಶ್ನೆಯಿದೆ: ಕಳೆದ ಅರುವತ್ತು ನಿಮಿಷಗಳಲ್ಲಿ ಆಂಟಿಬಯಾಟಿಕ್ ಕೊಟ್ಟಾಗಿದೆಯೆ? ಈ ಪ್ರಶ್ನೆಯನ್ನು ಹಿರಿಯ ಶಸ್ತ್ರವೈದ್ಯರಿಗೆ ಕಿರಿಯ ದಾದಿಯೊಬ್ಬಳು ನಿರ್ಭೀತಿಯಿಂದ ಹಾಕುವಂತಿರಬೇಕು. ಉತ್ತರ ಬರುವವರೆಗೆ ಅವರ ಕೈ ತಡೆದು ನಿಲ್ಲಬೇಕು. ಪದವಿಯ ಗೌರವ ದೊಡ್ಡದು, ನಿಜ. ಆದರೆ ಮೇಜಿನ ಮೇಲೆ ಪ್ರಜ್ಞೆಯಿಲ್ಲದೆ ಮಲಗಿರುವ ರೋಗಿ ತಾನಾಗಿ ಕೇಳಲಾರ. ಅವನ ಪರವಾಗಿ ಕೇಳುವವರು ಒಬ್ಬರಾದರೂ ಬೇಡವೆ?