ಎರೆಭೂಮಿಯ ಮೇಲೊಂದು ಮನೆ

ಮನೆ ಕಟ್ಟಲು ಹೊರಟ ಗೃಹಸ್ಥನು ಸಾಮಾನ್ಯವಾಗಿ ನಾಲ್ಕು ಸಂಗತಿಗಳನ್ನು ವಿಚಾರಿಸುತ್ತಾನೆ: ನಿವೇಶನದ ಬೆಲೆ, ಬಾಗಿಲಿನ ದಿಕ್ಕು, ನೆರೆಹೊರೆಯವರ ಸ್ವಭಾವ ಮತ್ತು ಮಕ್ಕಳ ಶಾಲೆಗಿರುವ ದೂರ. ಐದನೆಯದಾದ ನೆಲವನ್ನು ವಿಚಾರಿಸುವವರು ವಿರಳ. ನೆಲವೆಂದರೆ ನೆಲ, ಅದರಲ್ಲಿ ವಿಚಾರಿಸುವುದೇನು ಎಂಬ ಭಾವನೆ. ಬೇರೆ ಊರಿನವರಿಗೆ ಈ ಉದಾಸೀನ ಸಂದೀತು, ಹುಬ್ಬಳ್ಳಿ-ಧಾರವಾಡದವರಿಗೆ ಸಲ್ಲದು.

ಈ ಎರಡು ಊರುಗಳ ನಡುವಣ ಅಂತರ ಸುಮಾರು 20 ಕಿಲೋಮೀಟರ್. 1962ರಲ್ಲಿ ಇವೆರಡನ್ನೂ ಒಂದೇ ಮಹಾನಗರ ಪಾಲಿಕೆಯ ಕೆಳಗೆ ತಂದರು. ಕಾಗದದ ಮೇಲಾದ ಈ ಬೆಸುಗೆಯನ್ನು ನೆಲ ಮಾತ್ರ ಇನ್ನೂ ಒಪ್ಪಿಕೊಂಡಂತಿಲ್ಲ. ಧಾರವಾಡ ಮಲೆನಾಡಿನ ಸೆರಗು. ಅಲ್ಲಿ ಕೆಮ್ಮಣ್ಣು, ಗರಸು ಹೆಚ್ಚು. ಪೂರ್ವಕ್ಕೆ ಸಾಗಿ, ಹುಬ್ಬಳ್ಳಿಯನ್ನು ದಾಟಿ, ಅಣ್ಣಿಗೇರಿ ನವಲಗುಂದಗಳತ್ತ ಹೊರಟರೆ ಕಣ್ಣು ಹಾಯುವವರೆಗೆ ಎರೆಭೂಮಿ. ಹತ್ತಿ, ಕಡಲೆ, ಬಿಳಿಜೋಳಗಳಿಗೆ ಈ ಮಣ್ಣು ಹೆತ್ತ ತಾಯಿ. ಮನೆಯ ಗೋಡೆಗಳಿಗೆ ಮಾತ್ರ ಮಲತಾಯಿ. ಊರು ಬೆಳೆದಂತೆ ಹೊಲಗಳು ಬಡಾವಣೆಗಳಾದುವು. ನೇಗಿಲು ಹೋಗಿ ಪಾಯ ಬಂದಿತು. ಮಣ್ಣಿನ ಗುಣ ಮಾತ್ರ ಬದಲಾಗಲಿಲ್ಲ.

ಆ ಗುಣವಾದರೂ ಏನು? ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಅತಿ ನವಿರಾದ ಜೇಡಿಯುಂಟು. ಅದರ ಕಣಗಳು ಪುಸ್ತಕದ ಹಾಳೆಗಳಂತೆ ಪದರು ಪದರಾಗಿವೆ. ಮಳೆ ಬಿದ್ದಾಗ ನೀರು ಹಾಳೆಗಳ ನಡುವೆ ಸೇರಿ ಅವನ್ನು ಅಗಲಿಸುತ್ತದೆ, ಮಣ್ಣು ಉಬ್ಬುತ್ತದೆ. ಬೇಸಗೆಯಲ್ಲಿ ನೀರು ಆರಿದಾಗ ಹಾಳೆಗಳು ಮತ್ತೆ ಒತ್ತರಿಸುತ್ತವೆ. ಮಣ್ಣು ಕುಗ್ಗಿ, ಕಾಲು ಸಿಕ್ಕುವಷ್ಟು ಅಗಲವಾಗಿ ಬಿರಿಯುತ್ತದೆ. ಮಾರ್ಚ್ ತಿಂಗಳಲ್ಲಿ ಹುಬ್ಬಳ್ಳಿಯ ಹೊರವಲಯದ ಯಾವ ಹೊಲವನ್ನು ನೋಡಿದರೂ ಈ ಮಾತಿಗೆ ಸಾಕ್ಷಿ ದೊರೆಯುತ್ತದೆ.

ಹೀಗೆ ಉಬ್ಬುವ ಮಣ್ಣಿನ ಬಲ ಸಾಮಾನ್ಯವಾದುದಲ್ಲ. ಭಾರಿ ಕಟ್ಟಡವಾದರೆ ತನ್ನ ತೂಕದಿಂದಲೇ ಅದನ್ನು ಅದುಮಿ ಹಿಡಿದೀತು. ಒಂದು ಅಂತಸ್ತಿನ ನಮ್ಮ ಹಗುರಾದ ಮನೆಗಳನ್ನು ಅದು ತೊಟ್ಟಿಲಿನಂತೆ ಎತ್ತಿ ಇಳಿಸುತ್ತದೆ. ಎಲ್ಲ ಕಡೆಗೂ ಸಮವಾಗಿ ಎತ್ತಿಳಿಸಿದ್ದರೆ ಚಿಂತೆಯಿರಲಿಲ್ಲ. ಮನೆಯ ನಡುವಿನ ನೆಲ ನೆರಳಿನಲ್ಲಿದ್ದು ತೇವವನ್ನು ಉಳಿಸಿಕೊಳ್ಳುತ್ತದೆ. ಅಂಚಿನ ನೆಲ ಬಿಸಿಲಿಗೆ ಒಣಗಿ ಮಳೆಗೆ ನೆನೆಯುತ್ತದೆ. ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದಾಗ, ಬಾಗಲರಿಯದ ಇಟ್ಟಿಗೆಯ ಗೋಡೆ ಬಿರಿಯದೆ ಮತ್ತೇನು ಮಾಡೀತು?

ಹಾಗೆಂದು ಗೋಡೆಯಲ್ಲಿ ಗೆರೆ ಕಂಡ ಮಾತ್ರಕ್ಕೆ ಎದೆಯೊಡೆದುಕೊಳ್ಳಬೇಕಾಗಿಲ್ಲ. ಬಿರುಕುಗಳಲ್ಲಿಯೂ ಜಾತಿಗಳಿವೆ. ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಗೆರೆಗಳು ಗಿಲಾವು ಒಣಗುವಾಗ ಹುಟ್ಟಿದವು. ಅವು ಗೋಡೆಯ ಚರ್ಮದ ಕಾಯಿಲೆಯೇ ಹೊರತು ಎಲುಬಿನದಲ್ಲ. ಕಿಟಕಿ ಬಾಗಿಲುಗಳ ಮೂಲೆಯಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಹತ್ತುವ ಬಿರುಕು ಮಾತ್ರ ನೆಲದ ಸುದ್ದಿಯನ್ನು ತಂದಿರುತ್ತದೆ. ಅದು ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ ಗೋಡೆಯ ತುದಿ ಇಳಿಯುತ್ತಿರುವುದು ಸಂಭವ. ಕೆಳಗೆ ಅಗಲವಾಗಿದ್ದರೆ ನಡುಭಾಗ ಇಳಿದಿದೆ ಅಥವಾ ತುದಿ ಮೇಲೆದ್ದಿದೆ ಎಂದು ಊಹಿಸಬಹುದು. 1 ಮಿಲಿಮೀಟರಿನವರೆಗಿನದು ಸುಣ್ಣಬಣ್ಣದಲ್ಲಿ ಮುಗಿಯುವ ಮಾತು. 5 ಮಿಲಿಮೀಟರ್ ದಾಟಿದರೆ ವಿಚಾರ ಮಾಡಬೇಕು. 15ನ್ನು ದಾಟಿದರೆ ತಜ್ಞರನ್ನು ಕರೆಯಲು ಮುಹೂರ್ತವನ್ನು ಕಾಯಬಾರದು.

ಅಗಲಕ್ಕಿಂತಲೂ ಮುಖ್ಯವಾದುದು ಚಲನೆ. ಬೇಸಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚುವ ಬಿರುಕು ಋತುಧರ್ಮವನ್ನು ಪಾಲಿಸುವಂಥದು. ಎಲ್ಲ ಕಾಲಗಳಲ್ಲಿಯೂ ಒಂದೇ ದಿಕ್ಕಿನಲ್ಲಿ ಬೆಳೆಯುವುದಕ್ಕೆ ಬೇರೆ ಕಾರಣವಿರಬೇಕು: ಸೋರುವ ನಳ, ಒಡೆದ ಗಟಾರ, ಮುಚ್ಚಿದ ಹಳೆಯ ಬಾವಿ. ನಮ್ಮ ಕಡೆಯ ಹಳೆಯ ಓಣಿಗಳಲ್ಲಾದರೆ ಜೋಳ ತುಂಬಿಡಲು ಹಿಂದಿನವರು ತೋಡಿ, ಮುಂದಿನವರು ಮರೆತ ಹಗೇವು ಕೂಡ ಇರಬಹುದು.

ನನ್ನ ಸೋದರಮಾವನವರ ಮನೆಯ ಕಥೆ ಈ ಸಂದರ್ಭದಲ್ಲಿ ಹೇಳತಕ್ಕದ್ದು. ಅವರು ನಿವೃತ್ತರಾದಾಗ ಬಂದ ಪ್ರಾವಿಡೆಂಟ್ ಫಂಡಿನ ಹಣವನ್ನೆಲ್ಲ ಸುರಿದು ಹುಬ್ಬಳ್ಳಿಯ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿದರು. ನಾಲ್ಕನೆಯ ವರ್ಷ ಈಶಾನ್ಯದ ಕೋಣೆಯಲ್ಲಿ ಓರೆಯಾದ ಬಿರುಕೊಂದು ಕಾಣಿಸಿತು. ಅತ್ತೆಯವರು ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದರು. ಮರುವರ್ಷ ಇನ್ನೂ ದೊಡ್ಡ ಕ್ಯಾಲೆಂಡರ್ ಬೇಕಾಯಿತು. ಮೂರನೆಯ ವರ್ಷ ಅಷ್ಟು ದೊಡ್ಡ ಕ್ಯಾಲೆಂಡರ್ ಯಾವ ಅಂಗಡಿಯಲ್ಲಿಯೂ ದೊರೆಯಲಿಲ್ಲ. ವಾಸ್ತು ಬಲ್ಲವರೊಬ್ಬರು ಬಾಗಿಲು ಬದಲಿಸಲು ಹೇಳಿದರು. ಗುತ್ತಿಗೆದಾರರೊಬ್ಬರು ಆ ಮೂಲೆ ಕುಸಿಯುತ್ತಿದೆಯೆಂದೂ, ಅದರ ಕೆಳಗೆ ಕಾಂಕ್ರೀಟ್ ತುಂಬಬೇಕೆಂದೂ ಹೇಳಿ, ಮಾವನವರ ಮೂರು ವರ್ಷದ ಪಿಂಚಣಿಯಷ್ಟು ಲೆಕ್ಕವನ್ನು ಬರೆದುಕೊಟ್ಟರು. ಕೇವಲ ನಿವೇಶನದ ಬೆಲೆಗೆ ಮನೆಯನ್ನು ಕೇಳಲು ಒಬ್ಬರು ಬಂದರು. ಮಾವನವರು ಕೊಟ್ಟುಬಿಡುವ ಮನಸ್ಸು ಮಾಡಿದ್ದರು. ಅತ್ತೆಯವರು ಎರಡು ದಿನ ಯಾರೊಡನೆಯೂ ಮಾತನಾಡಲಿಲ್ಲ.

ಆಗ ನೆರವಾದವರು ಇಬ್ಬರು. ಒಬ್ಬ ಮುದಿ ಗೌಂಡಿ, ಇನ್ನೊಬ್ಬರು ಎಂಜಿನಿಯರಿಂಗ್ ಕಲಿಸುವ ಅಧ್ಯಾಪಕರು. ಗೌಂಡಿ ಗೋಡೆಯನ್ನು ಸವರಿ ನೋಡಿ, "ಸಾಹೇಬ್ರ, ಎರಿ ಭೂಮಿ ಉಸುರು ತಗೋತೈತಿ, ಬಿಡತೈತಿ. ಆದ್ರ ಈ ಮೂಲಿ ಉಸುರು ತಗೊಂಡದ್ದು ಬಿಟ್ಟಽ ಇಲ್ಲ ನೋಡ್ರಿ" ಎಂದನು. ಅಧ್ಯಾಪಕರು ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಗಳನ್ನು ಗಿಲಾವಿನಿಂದ ಅಂಟಿಸಿ, ದಿನಾಂಕ ಬರೆದರು. ನೀರು ತುಂಬಿದ ಪಾರದರ್ಶಕ ನಳಿಗೆಯನ್ನು ಹಿಡಿದು ಮನೆಯ ಸುತ್ತ ಮಟ್ಟ ನೋಡಿದರು. ಬಿರುಕು ಕೆಳಗಡೆ ಅಗಲವಾಗಿತ್ತು. ಈಶಾನ್ಯದ ಮೂಲೆ ಉಳಿದ ಮೂಲೆಗಳಿಗಿಂತ ಒಂದು ಅಂಗುಲ ಎತ್ತರದಲ್ಲಿತ್ತು. ಮೂಲೆ ಕುಸಿಯುತ್ತಿರಲಿಲ್ಲ, ಏಳುತ್ತಿತ್ತು!

ಕಾರಣ ಹತ್ತಿರದಲ್ಲಿಯೇ ಇತ್ತು. ನಲ್ಲಿಯ ನೀರಿಗಾಗಿ ದಿನಗಟ್ಟಲೆ ಕಾದು ರೂಢಿಯಾದ ಈ ಅವಳಿ ಊರಿನಲ್ಲಿ ಮನೆ ಕಟ್ಟುವವರು ಮೊದಲು ನೆಲದೊಳಗೆ ಸಂಪು ಕಟ್ಟಿಸುತ್ತಾರೆ. ನೀರಿಗೆ ಈಶಾನ್ಯವೇ ಶ್ರೇಷ್ಠವೆಂದು ಗೋಡೆಗೆ ಹತ್ತಿಸಿಯೇ ಕಟ್ಟಿಸುತ್ತಾರೆ. ಮಾವನವರ ಸಂಪನ್ನು ರಾತ್ರಿ ತುಂಬಿಸಿ, ನೀರಿನ ಮಟ್ಟಕ್ಕೆ ಗುರುತು ಮಾಡಿ, ನಲ್ಲಿಗಳನ್ನೆಲ್ಲ ಮುಚ್ಚಿಟ್ಟರು. ಬೆಳಗಾಗುವಷ್ಟರಲ್ಲಿ ನೀರು ನಾಲ್ಕು ಬೆರಳು ಇಳಿದಿತ್ತು. ಆ ನಾಲ್ಕು ಬೆರಳು ನೀರನ್ನು ಎರೆಮಣ್ಣು ವರ್ಷಾನುಗಟ್ಟಲೆ ಕುಡಿದು ಉಬ್ಬಿ ಕುಳಿತಿತ್ತು. ಸಂಪನ್ನು ಮುಚ್ಚಿಸಿ, ನೆಲದ ಮೇಲೆ ತೊಟ್ಟಿಯನ್ನಿಡಿಸಿದರು. ಎರಡು ಬೇಸಗೆಗಳಲ್ಲಿ ಬಿರುಕು ಬಹುಮಟ್ಟಿಗೆ ಕೂಡಿಕೊಂಡಿತು. ಬಾಗಿಲು ಬದಲಾಗಲಿಲ್ಲ, ಮನೆ ಮಾರಾಟವಾಗಲಿಲ್ಲ. ಗುತ್ತಿಗೆದಾರರ ಕಾಂಕ್ರೀಟ್ ಹಾಕಿಸಿದ್ದರೆ ಹಣವೂ ಹೋಗಿ ಬಿರುಕೂ ಉಳಿಯುತ್ತಿತ್ತು.

ಎಲ್ಲ ಮನೆಗಳೂ ಇಷ್ಟು ಸುಲಭವಾಗಿ ಗುಣವಾಗುವುವೆಂದು ಇದರ ಅರ್ಥವಲ್ಲ. ಆದರೆ ಚಿಕಿತ್ಸೆಯ ಕ್ರಮ ಎಲ್ಲೆಡೆಯೂ ಒಂದೇ. ಮೊದಲು ನೀರು, ಅನಂತರ ಕಾಲ, ಕೊನೆಗೆ ಕಾಂಕ್ರೀಟ್.

ನೀರೆಂದರೆ ಸೋರಿಕೆಯನ್ನು ನಿಲ್ಲಿಸುವುದಷ್ಟೇ ಅಲ್ಲ. ಮಾಳಿಗೆಯ ನೀರು ಗೋಡೆಯ ಬುಡದಲ್ಲಿ ಬೀಳದಂತೆ ದೂರ ಸಾಗಿಸಬೇಕು. ಮನೆಯ ಸುತ್ತ ಒಂದೂವರೆ ಮೀಟರ್ ಅಗಲಕ್ಕೆ ಹೊರಗಡೆ ಇಳಿಜಾರಾಗಿ ಫರಸಿ ಹಾಸಿದರೆ ಅಂಚಿನ ಮಣ್ಣು ಬಿಸಿಲಿಗೂ ಮಳೆಗೂ ಸಿಕ್ಕದೆ ಸಮಸ್ಥಿತಿಯಲ್ಲಿರುತ್ತದೆ. ಬಾಳೆಯ ಪಾತಿ, ಮಲ್ಲಿಗೆಯ ಮಡಿ ಗೋಡೆಯಿಂದ ದೂರವಿರಲಿ. ದೊಡ್ಡ ಮರ ಹತ್ತಿರವಿದ್ದರೆ ಸಿಟ್ಟಿನಿಂದ ಒಮ್ಮೆಗೇ ಕಡಿಸಬಾರದು. ಅಷ್ಟು ಕಾಲ ಬೇರುಗಳು ಹೀರುತ್ತಿದ್ದ ನೀರು ಮಣ್ಣಿನಲ್ಲಿಯೇ ಉಳಿದು, ಕುಗ್ಗಿದ ನೆಲ ಉಬ್ಬಲು ತೊಡಗುತ್ತದೆ.

ಕಾಲವೆಂದರೆ ಒಂದು ಬೇಸಗೆ, ಒಂದು ಮಳೆಗಾಲ. ಬಿರುಕಿನ ಎರಡು ತುದಿಗೂ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಿರಿ. ಎರಡು ಮಗ್ಗುಲಿಗೂ ಒಂದೊಂದು ಮೊಳೆ ಬಡಿದು ಅವುಗಳ ನಡುವಣ ಅಂತರವನ್ನು ತಿಂಗಳಿಗೊಮ್ಮೆ ಅಳೆಯಿರಿ. ಹಾಲಿನ ಲೆಕ್ಕದ ಪುಸ್ತಕದಲ್ಲಿಯೇ ಇದಕ್ಕೊಂದು ಪುಟ ಸಾಕು. ಚಲನೆ ನಿಲ್ಲುವ ಮೊದಲು ಬಿರುಕಿಗೆ ಸಿಮೆಂಟ್ ತುಂಬಿದರೆ ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತದೆ. ನಿಂತ ಮೇಲೆ ಇಟ್ಟಿಗೆಯ ವರಸೆಗಳ ನಡುವೆ ಉಕ್ಕಿನ ಸರಳುಗಳನ್ನು ಅಡ್ಡ ಹೂತು, ಹರಿದ ಬಟ್ಟೆಯನ್ನು ಹೊಲಿಯುವಂತೆ ಗೋಡೆಯನ್ನು ಹೊಲಿಯುವ ಪದ್ಧತಿಯುಂಟು.

ಇಷ್ಟಾದರೂ ಚಲನೆ ನಿಲ್ಲದಿದ್ದಾಗ ಮಾತ್ರ ಪಾಯಕ್ಕೆ ಕೈಹಾಕಬೇಕು. ಹಳೆಯ ಪಾಯದ ಕೆಳಗೆ ಗಟ್ಟಿ ನೆಲದವರೆಗೆ ಅಗೆದು ಹೊಸ ಆಧಾರ ಕೊಡುವ ಈ ಕೆಲಸ ಅಪಾಯದ್ದು. ಸುಮಾರು ಒಂದು ಮೀಟರ್ ಉದ್ದದ ತುಂಡುಗಳಲ್ಲಿ, ಒಂದನ್ನು ಬಿಟ್ಟು ಒಂದರಂತೆ ಅಗೆದು ತುಂಬಬೇಕು. ಇಡೀ ಗೋಡೆಯ ಬುಡವನ್ನು ಒಮ್ಮೆಗೇ ತೆರೆಯುತ್ತೇನೆನ್ನುವವನನ್ನು ಅಂಗಳದಿಂದಲೇ ಬೀಳ್ಕೊಡುವುದು ಲೇಸು.

ಹೊಸದಾಗಿ ಕಟ್ಟುವವರಿಗೆ ದಾರಿ ಸುಗಮವಾಗಿದೆ. ಮಣ್ಣಿನ ಪರೀಕ್ಷೆ ಅತಿ ಸರಳ: 10 ಗ್ರಾಂ ಒಣ ಪುಡಿಮಣ್ಣನ್ನು ಅಳತೆಯ ಗಾಜಿನ ಕೊಳವೆಯೊಂದರಲ್ಲಿ ನೀರಿಗೂ, ಇನ್ನೊಂದರಲ್ಲಿ ಅಷ್ಟನ್ನೇ ಸೀಮೆಎಣ್ಣೆಗೂ ಹಾಕಿ, 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಅದಕ್ಕಿಂತ ಶೇಕಡಾ 50ಕ್ಕೂ ಹೆಚ್ಚಾಗಿ ಉಬ್ಬಿದರೆ ಎಚ್ಚರಿಕೆ ಬೇಕು. ಎರೆಮಣ್ಣಿನ ಪದರು ತೆಳುವಾಗಿದ್ದರೆ ತೆಗೆದು ಗರಸು ತುಂಬಿ ಕುಟ್ಟಿಸಬಹುದು. ಆಳವಾಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಢಿಗೆ ತಂದ, ಬುಡದಲ್ಲಿ ಗಡ್ಡೆಯಿರುವ ಕಾಂಕ್ರೀಟ್ ಕಂಬಗಳುಂಟು. ಕಂಬ ಕನಿಷ್ಠ 3.5 ಮೀಟರ್ ಆಳಕ್ಕೆ, ಋತುಗಳ ಏರಿಳಿತ ತಟ್ಟದ ನೆಲಕ್ಕೆ ಇಳಿಯುತ್ತದೆ. ಗಡ್ಡೆ ಕಂಬದ ಎರಡೂವರೆಪಟ್ಟು ಅಗಲವಿದ್ದು ಮೂಲಂಗಿಯಂತೆ ಕಿತ್ತುಬರದೆ ನಿಲ್ಲುತ್ತದೆ. ಕಂಬಗಳನ್ನು ಜೋಡಿಸುವ ತೊಲೆಗೂ ನೆಲಕ್ಕೂ ನಡುವೆ ನಾಲ್ಕು ಬೆರಳಿನಷ್ಟು ತೆರಪನ್ನು ಬಿಡುತ್ತಾರೆ. ಮಣ್ಣು ಉಬ್ಬಬೇಕೆಂದರೆ ಅದರಲ್ಲಿ ಉಬ್ಬಿಕೊಳ್ಳಲಿ, ಮನೆಗೆ ತೊಂದರೆಯಿಲ್ಲ.

ನಮ್ಮ ಹಿರಿಯರು ಇದಾವುದನ್ನೂ ಓದಿದವರಲ್ಲ. ಆದರೂ ನವಲಗುಂದ, ನರಗುಂದಗಳ ಹಳೆಯ ಮಣ್ಣಿನ ಮನೆಗಳಲ್ಲಿ ಮಾಳಿಗೆಯ ಭಾರವನ್ನು ಹೊತ್ತವು ಮರದ ಕಂಬ ತೊಲೆಗಳು. ನೆಲ ಅಲುಗಿದರೆ ಮರ ತುಸು ಬಾಗುತ್ತಿತ್ತು, ಗೋಡೆ ಬಿರಿಯುತ್ತಿತ್ತು. ಹಬ್ಬಕ್ಕೆ ಮುಂಚೆ ಮನೆಯ ಹೆಣ್ಣುಮಕ್ಕಳು ಮಣ್ಣು ಮೆತ್ತಿ ಸಾರಿಸಿದರೆ ಮುಗಿಯಿತು. ಸಿಮೆಂಟಿನ ಮನೆಗೆ ಆ ಬಾಗುವ ಗುಣವಿಲ್ಲ; ಆದುದರಿಂದ ಅದರ ಒಡೆಯನಿಗೆ ಹೆಚ್ಚಿನ ವಿವೇಕ ಬೇಕಾಗುತ್ತದೆ.

ಈ ಸಲ ಯುಗಾದಿಗೆ ಸುಣ್ಣಬಣ್ಣ ಮಾಡಿಸುವ ಮುನ್ನ ಗೋಡೆಗಳ ಮೇಲಿನ ಕ್ಯಾಲೆಂಡರುಗಳನ್ನೊಮ್ಮೆ ಎತ್ತಿ ನೋಡಿರಿ. ಕೆಳಗೆ ಬಿರುಕಿದ್ದರೆ ಬಣ್ಣದ ಡಬ್ಬಿಗೆ ಮೊದಲು ಪೆನ್ಸಿಲನ್ನು ತರಿಸಿರಿ.