ಬ್ರೌಸರಿನಲ್ಲೋ, ನಮ್ಮ ಕಂಪ್ಯೂಟರಿನಲ್ಲೋ?

ಈ ಅಂಕಣ ಓದುವವರಲ್ಲಿ ಸಾಫ್ಟ್‌ವೇರಿನವರೇ ಹೆಚ್ಚು, ಹಾಗಾಗಿ ಗಿಟ್ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಎರಡು ಮಾತು: ಒಂದು ಕಡತವನ್ನು ಯಾರು, ಯಾವಾಗ, ಹೇಗೆ ತಿದ್ದಿದರು ಎಂಬ ಪೂರ್ತಿ ಲೆಕ್ಕ ಇಟ್ಟುಕೊಳ್ಳುವ ವ್ಯವಸ್ಥೆ ಅದು. ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕೆಲಸಕ್ಕೆಂದು ಬರೆದದ್ದು. 2008ರಲ್ಲಿ ಶುರುವಾದ ಗಿಟ್‌ಹಬ್‌ನಂಥ ತಾಣಗಳಿಂದ ಅದು ಬ್ರೌಸರಿನೊಳಕ್ಕೂ ಬಂತು. ಪ್ರೋಗ್ರಾಂ ಮಾತ್ರವಲ್ಲ, ಕನ್ನಡದ ಪದ, ಗಾದೆ, ಕತೆ ಯಾವುದನ್ನಾದರೂ ಅದರಲ್ಲಿ ಇಡಬಹುದು.

ನಾಗಪುರದ ನಾವು ಕೆಲವು ಮನೆಯವರು ಸೇರಿ ಒಂದು ಪದಪಟ್ಟಿ ಮಾಡುತ್ತಿದ್ದೇವೆ. ರೈಲ್ವೆ, ಬ್ಯಾಂಕು, ಅಂಬಾಝರಿಯ ಆರ್ಡಿನೆನ್ಸ್ ಫ್ಯಾಕ್ಟರಿ ಅಂತ ಬಂದು ಇಲ್ಲೇ ನೆಲೆಯಾದ ಹಿರಿಯರ ಕನ್ನಡ ಅದು. ಉತ್ತರ ಕರ್ನಾಟಕದಿಂದ ತಂದ ತಾಟು, ಖೋಲಿ, ಲಗೂ ಇವೆಲ್ಲ ಇಲ್ಲಿಯ ಮರಾಠಿಯ ಜೊತೆ ಇನ್ನಷ್ಟು ಬೆರೆತುಹೋಗಿವೆ. ಮೊಮ್ಮಕ್ಕಳು ಮರಾಠಿ, ಹಿಂದಿಯಲ್ಲೇ ಉತ್ತರ ಕೊಡುತ್ತಾರೆ. ಈಗ ಬರೆದಿಡದಿದ್ದರೆ ಮುಂದೆ ಕೇಳೋಣವೆಂದರೂ ಹೇಳುವವರಿರುವುದಿಲ್ಲ. ಪಟ್ಟಿಯನ್ನು ಗಿಟ್‌ನಲ್ಲಿ ಇಡುವುದಕ್ಕೆ ಎಲ್ಲರೂ ಒಪ್ಪಿದರು. ಜಗಳವಾದದ್ದು ತಿದ್ದುವುದು ಬ್ರೌಸರಿನಿಂದಲೋ, ಡೆಸ್ಕ್‌ಟಾಪ್ ಕ್ಲೈಂಟಿನಿಂದಲೋ ಎಂಬುದಕ್ಕೆ.

ಮಿಹಾನ್‌ನಲ್ಲಿ ಕೆಲಸ ಮಾಡುವ ನಮ್ಮ ಹುಡುಗರ ಮತ ಡೆಸ್ಕ್‌ಟಾಪಿಗೆ. ಹಿರಿಯರು ವಾಟ್ಸ್‌ಆಪ್‌ನಲ್ಲಿ ಪದ ಕಳಿಸಲಿ, ನಾವು ಸೇರಿಸುತ್ತೇವೆ ಅಂದರು. ಕೇಳುವುದಕ್ಕೆ ಸುಲಭವೇ. ಆದರೆ ಹಾಗೆ ಮಾಡಿದರೆ ಚರಿತ್ರೆಯಲ್ಲಿ ಪ್ರತಿ ಪದದ ಮುಂದೆಯೂ ಆ ಇಬ್ಬರು ಹುಡುಗರ ಹೆಸರೇ ಬೀಳುತ್ತದೆ. ಪದ ಕೊಟ್ಟ ಅಜ್ಜಿ ಎಲ್ಲೂ ಇರುವುದಿಲ್ಲ. 'ಸಹಲೇಖಕರು' ಅಂತ ಕಮಿಟ್ ಸಂದೇಶದ ಕೊನೆಗೆ ಒಂದು ಸಾಲು ಸೇರಿಸುವ ಉಪಾಯ ಇದೆ, ಆದರೆ ಅವಸರದಲ್ಲಿ ಅದನ್ನು ಯಾರು ಬರೆಯುತ್ತಾರೆ? ಬ್ರೌಸರಿನಲ್ಲಾದರೆ ಪೆನ್ಸಿಲ್ ಗುರುತು ಒತ್ತಿ, ತಿದ್ದಿ, ಕೆಳಗೊಂದು ಸಾಲು ಕಾರಣ ಬರೆದರೆ ಮುಗಿಯಿತು. ತಿದ್ದುವ ಅಧಿಕಾರ ಇಲ್ಲದವರಿಗೆ ಗಿಟ್‌ಹಬ್ ತಾನೇ ಒಂದು ನಕಲು ಮಾಡಿಕೊಟ್ಟು, ಬದಲಾವಣೆಯನ್ನು ಪ್ರಸ್ತಾವನೆಯಾಗಿ ಕಳಿಸುವ ದಾರಿ ತೋರಿಸುತ್ತದೆ.

ಇನ್ನು ಕಮಾಂಡ್ ಲೈನಿನ ಮಾತು ಬಿಡಿ. 2021ರ ಆಗಸ್ಟ್ 13ರಿಂದ ಅಲ್ಲಿ ಗಿಟ್‌ಹಬ್‌ನ ಬರೀ ಪಾಸ್‌ವರ್ಡ್ ನಡೆಯುವುದಿಲ್ಲ, ಟೋಕನ್ನೋ ಎಸ್‌ಎಸ್‌ಎಚ್ ಕೀಲಿಯೋ ಬೇಕು. ಎಪ್ಪತ್ತು ದಾಟಿದವರಿಗೆ ಕೀಲಿ ಮಾಡಿಕೊಳ್ಳಿ ಅಂದರೆ ಪದ ಕೊಡುವುದನ್ನೇ ನಿಲ್ಲಿಸುತ್ತಾರೆ. ಮೇಲಾಗಿ ಕನ್ನಡದ ಕಷ್ಟ ಬೇರೆ. ಬಹಳಷ್ಟು ಟರ್ಮಿನಲ್‌ಗಳು ಒಂದೊಂದು ಅಕ್ಷರಕ್ಕೂ ಒಂದೊಂದು ಚೌಕ ಅಂತ ಲೆಕ್ಕ ಹಾಕುವುದರಿಂದ ಒತ್ತಕ್ಷರಗಳು ಚದುರಿಹೋಗುತ್ತವೆ. ಕಡತಕ್ಕೆ ಕನ್ನಡದ ಹೆಸರಿಟ್ಟರಂತೂ ಗಿಟ್ 'ಕ' ಎಂಬುದನ್ನು 340, 262, 225 ಎಂಬ ಅಂಕಿಗಳಾಗಿ ತೋರಿಸುತ್ತದೆ! ಕೋರ್ ಡಾಟ್ ಕೋಟ್‌ಪಾತ್ ಎಂಬ ಆಯ್ಕೆಯನ್ನು ಫಾಲ್ಸ್ ಮಾಡಿದರೆ ಸರಿಹೋಗುತ್ತದೆ, ಸಾಫ್ಟ್‌ವೇರಿನವರೇ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ. ಬ್ರೌಸರಿನಲ್ಲಿ ಕನ್ನಡ ಕನ್ನಡದ ಹಾಗೇ ಕಾಣುತ್ತದೆ.

ಹಾಗಂತ ಬ್ರೌಸರ್ ಒಂದೇ ಸಾಕೇ? ಸಾಲದು.

ವಿ. ಕೃಷ್ಣ ಅವರ 'ಅಲರ್' ಕನ್ನಡ-ಇಂಗ್ಲಿಷ್ ಕೋಶವನ್ನು ನೀವು ಬಳಸಿರಬಹುದು. ದಶಕಗಳ ಕಾಲ ಒಬ್ಬರೇ ಕೂತು ಮಾಡಿದ ಕೆಲಸ, ಒಂದೂವರೆ ಲಕ್ಷ ಪದಗಳು. 2019ರಲ್ಲಿ ಅದು ಮುಕ್ತ ಪರವಾನಗಿಯಲ್ಲಿ ಹೊರಬಂತು, ಅದರ ಮಾಹಿತಿ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿದೆ. ಅಷ್ಟು ದೊಡ್ಡ ಕೋಶವನ್ನು ಪೆನ್ಸಿಲ್ ಗುರುತು ಒತ್ತಿ ತಿದ್ದುತ್ತಾ ಕೂರಲು ಆಗುವುದಿಲ್ಲ. ಬ್ರೌಸರಿನಿಂದ ಗಿಟ್‌ಹಬ್‌ಗೆ ಏರಿಸುವ ಕಡತಕ್ಕೆ 25 ಎಂಬಿ ಮಿತಿ, ಗಿಟ್ ಮೂಲಕ ತಳ್ಳಿದರೆ 100 ಎಂಬಿ. ನಮ್ಮದು ಪುಟ್ಟ ಪಟ್ಟಿ, ನಿಜ. ಆದರೂ ಎಲ್ಲ ಕಡತಗಳಲ್ಲಿ ಒಂದು ಕಾಗುಣಿತ ಬದಲಿಸಬೇಕೆಂದರೆ, ಅಕಾರಾದಿಯಾಗಿ ಜೋಡಿಸಬೇಕೆಂದರೆ ಅದು ಡೆಸ್ಕ್‌ಟಾಪಿನ ಕೆಲಸವೇ. ಪೂರ್ತಿ ನಕಲು ಕೈಯಲ್ಲಿದ್ದರೆ ನೆಟ್‌ವರ್ಕ್ ಬೇಕಿಲ್ಲ. ಸಂಘಮಿತ್ರಾ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ಬಲ್ಲಾರ್‌ಷಾ ದಾಟಿದ ಮೇಲೆ ಸಿಗ್ನಲ್ ಹೋಗಿ ಬಂದು ಮಾಡುತ್ತದಲ್ಲ, ಆ ಹೊತ್ತಿನಲ್ಲಿ ನಾನು ನೂರಾರು ಸಾಲು ಪರಿಶೀಲಿಸಿದ್ದೇನೆ.

ನಕಲು ಬೇಕು ಅನ್ನುವುದಕ್ಕೆ ಇನ್ನೂ ಗಟ್ಟಿ ಕಾರಣ ಇದೆ. ಗೂಗಲ್ ಕೋಡ್ ಎಂಬ ತಾಣವನ್ನು ಮುಚ್ಚುತ್ತೇವೆ ಅಂತ 2015ರಲ್ಲಿ ಹೇಳಿ, 2016ರ ಜನವರಿಯಲ್ಲಿ ಮುಚ್ಚಿದರು. ಮೈಕ್ರೋಸಾಫ್ಟಿನ ಕೋಡ್‌ಪ್ಲೆಕ್ಸ್ 2017ರಲ್ಲಿ ಹೋಯಿತು. ಅಷ್ಟು ದೊಡ್ಡವರೇ ಹೀಗೆ ಅಂಗಡಿ ಎತ್ತಿದ ಮೇಲೆ ಯಾವ ತಾಣವನ್ನು ಶಾಶ್ವತ ಅಂತ ನಂಬುವುದು? ಗಿಟ್‌ನ ಗುಣವೇನೆಂದರೆ ನಕಲು ಇಳಿಸಿಕೊಂಡ ಪ್ರತಿ ಕಂಪ್ಯೂಟರಿನಲ್ಲೂ ಪೂರ್ತಿ ಚರಿತ್ರೆ ಬಂದು ಕೂರುತ್ತದೆ. ಬರೀ ಬ್ರೌಸರಿನಲ್ಲಿ ತಿದ್ದುವವರ ಬಳಿ ಏನೂ ಉಳಿಯುವುದಿಲ್ಲ.

ಕೊನೆಗೆ ತಿದ್ದುವವರೆಲ್ಲ ಬ್ರೌಸರಿನಲ್ಲೇ ಅಂತ ಮಾಡಿದೆವು. ಮೂವರ ಮನೆಯಲ್ಲಿ ಪೂರ್ತಿ ನಕಲು, ಪ್ರತಿ ಭಾನುವಾರ ಹೊಸದನ್ನು ಎಳೆದುಕೊಳ್ಳಬೇಕು. ಒಂದು ತೊಡಕು ಆಮೇಲೆ ಗೊತ್ತಾಯಿತು: ಗಿಟ್‌ಹಬ್‌ನ ಪುಟದಲ್ಲಿ ಪದಗಳ ಬಗ್ಗೆ ನಡೆಯುವ ಚರ್ಚೆ ಈ ನಕಲಿನ ಜೊತೆ ಇಳಿದು ಬರುವುದಿಲ್ಲ. 'ಲಗೂ' ಎಂಬ ಒಂದು ಪದಕ್ಕೆ ಇಬ್ಬರು ಹಿರಿಯರು ಹನ್ನೊಂದು ಟಿಪ್ಪಣಿ ಬರೆದು ಬಡಿದಾಡಿದ್ದು ಅಲ್ಲೇ ಇದೆ. ಅದಕ್ಕೆ ಈಗ ಕಮಿಟ್ ಸಂದೇಶದಲ್ಲೇ ಪದ ಯಾವ ಊರಿನದು, ಯಾರ ಮನೆಯಲ್ಲಿ ಕೇಳಿದ್ದು ಅಂತ ಬರೆಯಲು ಹೇಳಿದ್ದೇವೆ. ಹಿರಿಯರು ಮೂರು ಸಾಲು ಬರೆಯುತ್ತಿದ್ದಾರೆ. ಹುಡುಗರು ಇನ್ನೂ 'ಅಪ್‌ಡೇಟ್' ಅಂತ ಒಂದೇ ಪದ ಹಾಕಿ ಕಳಿಸುತ್ತಾರೆ.